ಕಿಲೋಮೀಟರಿಗೆ ನಾಲ್ಕು ನಿಮಿಷ: ಬೆಳಗಾವಿಯ ಫಡೆಪ್ಪ ಚೌಗುಲೆ

ಒಲಿಂಪಿಕ್ ಮ್ಯಾರಥಾನನ್ನು ಓಡಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಳಗಾವಿಯವರು. ಹೆಸರು ಫಡೆಪ್ಪ ದರೆಪ್ಪ ಚೌಗುಲೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಅವರು ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ನಿಂತಾಗ, ಒಂಬತ್ತನೆಯ ತರಗತಿಯ ‘ಚಲನೆ’ ಘಟಕದ ಸರಾಸರಿ ಜವದ ಪಾಠಕ್ಕೆ ನಾನು ಅವರ ಬದುಕನ್ನೇ ಆಧಾರವಾಗಿ ತೆಗೆದುಕೊಂಡೆ. ಹವ್ಯಾಸಕ್ಕೆ ಮ್ಯಾರಥಾನ್ ಓಡುವ ನನಗೆ ಅವರ ಓಟದಲ್ಲಿ ಲೆಕ್ಕಕ್ಕಿಂತ ಹೆಚ್ಚಿನದೂ ಕಂಡಿತು. ಅದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ಚೌಗುಲೆಯವರ ಕಾಲದಲ್ಲಿ ಬೆಳಗಾವಿ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆ ಭಾಗದ ಆಟೋಟಗಳಿಗೆ ಪುಣೆಯ ಡೆಕ್ಕನ್ ಜಿಮ್ಖಾನಾ ದೊಡ್ಡ ಕೇಂದ್ರ. ಉದ್ಯಮಿ ದೊರಾಬ್ಜಿ ಟಾಟಾ ಅದರ ಅಧ್ಯಕ್ಷರು. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟವನ್ನು ಟಾಟಾ ಕುಳಿತು ನೋಡಿದರು. ಓಡಿದವರಲ್ಲಿ ಬಹಳಷ್ಟು ಮಂದಿ ಹೊಲದಲ್ಲಿ ದುಡಿಯುವ ಮನೆಗಳ ಹುಡುಗರು. ಬರಿಗಾಲಿನ ಓಟ. ಯುರೋಪಿನ ನಿಯಮಗಳಾಗಲಿ, ತರಬೇತಿಯ ಕ್ರಮವಾಗಲಿ ಅವರಿಗೆ ಗೊತ್ತಿರಲಿಲ್ಲ. ಆದರೂ ಅವರ ಸಮಯಗಳು ಹೊರದೇಶದ ಒಳ್ಳೆಯ ಓಟಗಾರರ ಸಮಯಗಳಿಗೆ ಹತ್ತಿರವಾಗಿದ್ದವು. ಇಷ್ಟು ಶಕ್ತಿಯಿರುವವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಟಾಟಾ ನಿರ್ಧರಿಸಿದರು. ಮುಂಬೈ ಗವರ್ನರರ ನೆರವು ಕೇಳಿದರು, ತಾವೂ ಹಣ ಹಾಕಿದರು. ಮರುವರ್ಷ ಪುಣೆಯಲ್ಲಿ ಆಯ್ಕೆಯ ಸ್ಪರ್ಧೆಗಳು ನಡೆದವು. ಓಟಗಾರರಾದ ಪೂರ್ಮಾ ಬ್ಯಾನರ್ಜಿ, ಚೌಗುಲೆ, ಸದಾಶಿವ ದಾತಾರ್, ಕೈಕಾಡಿ, ಕುಸ್ತಿಪಟುಗಳಾದ ಶಿಂಧೆ ಮತ್ತು ನವಲೆ, ಒಟ್ಟು ಆರು ಜನ ಆಯ್ಕೆಯಾದರು.

ಈ ಆರು ಜನ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ಕೆಲವು ವಾರ ತರಬೇತಿ ಪಡೆದು ಆಂಟ್ವರ್ಪಿಗೆ ತಲುಪಿದರು. ಅಭ್ಯಾಸ ಮಾಡುವ ಯಾವ ಓಟಗಾರನಿಗೂ ಈ ದಿನಗಳ ಲೆಕ್ಕ ಮುಖ್ಯ. ಮ್ಯಾರಥಾನಿಗೆ ಸಿದ್ಧವಾಗಲು ಇಂದು ಸಾಮಾನ್ಯವಾಗಿ ಹದಿನಾರರಿಂದ ಇಪ್ಪತ್ತು ವಾರ ಬೇಕೆನ್ನುತ್ತಾರೆ. ಚೌಗುಲೆಯವರ ತಯಾರಿಯ ನಡುವೆ ಸಮುದ್ರಯಾನವೊಂದು ಬಂತು. ಹಡಗಿಳಿದ ಮೇಲೆ ಹೊಸ ಹವೆ, ಹೊಸ ಊಟ, ಹೊಸ ನೆಲ. ಸಾಲದ್ದಕ್ಕೆ ಮ್ಯಾರಥಾನ್ ನಡೆದ ವಾರದಲ್ಲೇ ಅವರು 10,000 ಮೀಟರ್ ಓಟದ ಮೊದಲ ಸುತ್ತಿನಲ್ಲೂ ಸ್ಪರ್ಧಿಸಿದ್ದರು. ಅದರಲ್ಲಿ ಮುಂದಿನ ಸುತ್ತಿಗೆ ಹೋಗಲಾಗಲಿಲ್ಲ. ದೊಡ್ಡ ಓಟಕ್ಕೆ ಎರಡು ಮೂರು ವಾರ ಇರುವಾಗಲೇ ದೂರ ಕಡಿಮೆ ಮಾಡಿ ಕಾಲಿಗೆ ವಿಶ್ರಾಂತಿ ಕೊಡಬೇಕೆಂಬುದು ಇಂದು ಹವ್ಯಾಸಿ ಓಟಗಾರರಿಗೂ ಗೊತ್ತಿರುವ ಪಾಠ.

1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಮಳೆ ಹನಿಯುವ ತಂಪು ದಿನ. ಇಂದಿನ ಮ್ಯಾರಥಾನ್ 42.195 ಕಿ.ಮೀ. ಆದರೆ ಆಂಟ್ವರ್ಪಿನ ದಾರಿ 42.75 ಕಿ.ಮೀ. ಇತ್ತು. ಒಲಿಂಪಿಕ್ ಮ್ಯಾರಥಾನುಗಳಲ್ಲೇ ಉದ್ದದ್ದು ಅದು. ನಮ್ಮ ಮಕ್ಕಳಿಗೆ ನಾನು ಇದನ್ನು ಹೇಳಿದ್ದು ಹೀಗೆ: ಚಿಕ್ಕಮಗಳೂರಿನಿಂದ ಹೊರಟು, ಮೂಡಿಗೆರೆ ದಾಟಿ, ಬಣಕಲ್ಲಿನ ಆಸುಪಾಸಿಗೆ ಬರುವಷ್ಟು ದೂರ. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿದರು.

ಲೆಕ್ಕ ಮಕ್ಕಳೇ ಮಾಡಿದರು. ಒಟ್ಟು 10,245 ಸೆಕೆಂಡು. ಅದನ್ನು 42.75ರಿಂದ ಭಾಗಿಸಿದರೆ ಕಿಲೋಮೀಟರಿಗೆ 240 ಸೆಕೆಂಡಿಗೆ ಕೂದಲೆಳೆಯಷ್ಟು ಕಡಿಮೆ, ಅಂದರೆ ನಾಲ್ಕು ನಿಮಿಷ. ಸರಾಸರಿ ಜವ ಗಂಟೆಗೆ ಸುಮಾರು 15 ಕಿ.ಮೀ. ಕಪ್ಪುಹಲಗೆಯ ಮೇಲೆ ಅದು ಬರೀ ಸಂಖ್ಯೆ. ಆದ್ದರಿಂದ ಮರುದಿನ ಮೈದಾನದಲ್ಲಿ 200 ಮೀಟರಿನ ಸುತ್ತು ಗುರುತು ಹಾಕಿ, ಒಂದು ಸುತ್ತಿಗೆ 48 ಸೆಕೆಂಡು ಎಂದು ಕೊಟ್ಟೆ. ಮೊದಲ ಸುತ್ತನ್ನು ಎಲ್ಲರೂ ನಗುತ್ತ ಮುಗಿಸಿದರು. ಕೆಲವರು 40 ಸೆಕೆಂಡಿಗೇ ಬಂದರು. ಮೂರನೆಯ ಸುತ್ತಿಗೆ ಆ ವೇಗಿಗಳೇ ಸೊಂಟ ಹಿಡಿದುಕೊಂಡರು. ಐದೂ ಸುತ್ತನ್ನು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಮುಗಿಸಿದವಳು ತೋಟದ ಲೈನ್ ಮನೆಯಿಂದ ದಿನಾ ಗುಡ್ಡ ಹತ್ತಿಳಿದು ಶಾಲೆಗೆ ಬರುವ ಹುಡುಗಿ. ಚೌಗುಲೆ ಇಂಥ ಕಿಲೋಮೀಟರುಗಳನ್ನು ಒಂದರ ಹಿಂದೊಂದರಂತೆ ನಲವತ್ತೆರಡೂ ಮುಕ್ಕಾಲು ಓಡಿದರೆಂದಾಗ ತರಗತಿ ಸುಮ್ಮನಾಯಿತು. ಸರಾಸರಿ ಜವ ಎಂದರೇನೆಂದು ಮತ್ತೆ ವಿವರಿಸುವ ಅಗತ್ಯ ಬರಲಿಲ್ಲ.

ಆ ದಿನ ಗೆದ್ದವರು ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲೇ ಮೂರು ಚಿನ್ನ ಗೆದ್ದವರು. ಅವರ ಸಮಯ 2 ಗಂಟೆ 32 ನಿಮಿಷ 35 ಸೆಕೆಂಡು. ಚೌಗುಲೆಯವರಿಗಿಂತ ಕಿಲೋಮೀಟರಿಗೆ ಸುಮಾರು 25 ಸೆಕೆಂಡು ಮುಂದೆ. ಆದರೆ ನನ್ನ ಗಮನ ಹೆಚ್ಚು ಹೋದದ್ದು ಹದಿನಾರನೆಯ ಸ್ಥಾನಕ್ಕೆ. ಅಲ್ಲಿದ್ದವರು ಜಪಾನಿನ ಶಿಜೊ ಕನಕುರಿ. ಅವರು ಗುರಿ ಮುಟ್ಟಿ ಸರಿಯಾಗಿ ಎರಡು ನಿಮಿಷಕ್ಕೆ ಚೌಗುಲೆ ಬಂದರು. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಇಬ್ಬರ ನಡುವಿನ ಅಂತರ ಮೂರು ಸೆಕೆಂಡೂ ಇಲ್ಲ.

ಕನಕುರಿ ನಮ್ಮವರೇ ಎನ್ನಬೇಕು. ಅವರು ಓದಿದ್ದು ಟೋಕಿಯೊದ ಉನ್ನತ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ. ಜೂಡೊ ಕಲೆಯ ಸ್ಥಾಪಕ ಜಿಗೊರೊ ಕಾನೊ ಅಲ್ಲಿನ ಪ್ರಾಂಶುಪಾಲರು. 1912ರ ಒಲಿಂಪಿಕ್ಸಿನಲ್ಲಿ ಕನಕುರಿ ಬಿಸಿಲಿಗೆ ಬಳಲಿ ಓಟವನ್ನು ಅರ್ಧಕ್ಕೇ ಬಿಟ್ಟರು. ಊರಿಗೆ ಮರಳಿ ಶಿಕ್ಷಕರಾದರು. ಒಬ್ಬ ಓಟಗಾರ ತಾನಾಗಿ ಹುಟ್ಟಿ ಬರಲಿ ಎಂದು ಕಾಯದೆ, ಓಟಗಾರರು ಬೆಳೆಯುವ ಏರ್ಪಾಡು ಕಟ್ಟಲು ಹೊರಟರು. 1920ರ ಫೆಬ್ರವರಿಯಲ್ಲಿ, ಆಂಟ್ವರ್ಪಿಗೆ ಹೋಗುವ ಮೊದಲೇ, ಟೋಕಿಯೊದಿಂದ ಹಾಕೊನೆ ಬೆಟ್ಟದವರೆಗೆ ಹೋಗಿ ಬರುವ ಸರದಿ ಓಟ ಅವರ ಪ್ರಯತ್ನದಿಂದ ಶುರುವಾಯಿತು. ನಾಲ್ಕು ವಿದ್ಯಾಸಂಸ್ಥೆಗಳು ಸ್ಪರ್ಧಿಸಿದವು. ಗೆದ್ದದ್ದು ಆ ಶಿಕ್ಷಕರ ತರಬೇತಿ ಸಂಸ್ಥೆಯ ತಂಡ. ಇಂದಿಗೂ ಪ್ರತಿ ಜನವರಿ 2 ಮತ್ತು 3ರಂದು ಆ ಓಟ ನಡೆಯುತ್ತದೆ. ಜಪಾನಿನ ವಿದ್ಯಾರ್ಥಿಗಳ ಇಡೀ ವರ್ಷದ ಅಭ್ಯಾಸ ಅದರ ಸುತ್ತ ರೂಪುಗೊಳ್ಳುತ್ತದೆ.

ಚೌಗುಲೆಯವರ ಕಾಲಿನಲ್ಲಿ ಶಕ್ತಿ ಕಡಿಮೆಯಿರಲಿಲ್ಲ. ಆ ಮೂರು ಸೆಕೆಂಡೇ ಅದಕ್ಕೆ ಸಾಕ್ಷಿ. ಅವರ ಹಿಂದೆ ವರ್ಷವರ್ಷವೂ ಬರುವ ಓಟವಿರಲಿಲ್ಲ, ಶಾಲೆಯಿಂದ ಶಾಲೆಗೆ ಹಬ್ಬಿದ ಅಭ್ಯಾಸವಿರಲಿಲ್ಲ. ಭಾರತೀಯ ಒಲಿಂಪಿಕ್ ಸಂಸ್ಥೆಯೇ ಹುಟ್ಟಿದ್ದು 1927ರಲ್ಲಿ, ಟಾಟಾ ಅವರ ಅಧ್ಯಕ್ಷತೆಯಲ್ಲಿ. ಹೀಗಾಗಿ ಚೌಗುಲೆ ಎಂದಾಗಲೆಲ್ಲ ನನಗೆ ನಮ್ಮ ಶಾಲೆಗಳ ಕ್ರೀಡಾಕೂಟ ನೆನಪಾಗುತ್ತದೆ. ಹೋಬಳಿ ಮಟ್ಟದ ದಿನಾಂಕ ಬಂದ ಮೇಲೆ ಒಂದು ವಾರ ಓಡಿಸಿ ಕಳಿಸುವುದು ಹಲವೆಡೆ ರೂಢಿ. ಸೋತ ಮಗುವಿಗೆ ತನ್ನಲ್ಲಿ ಶಕ್ತಿಯಿಲ್ಲ ಎನಿಸುತ್ತದೆ. ನಿಜವಾಗಿ ಇಲ್ಲದ್ದು ವಾರಗಳು.

ಮಲೆನಾಡಿನಲ್ಲಿ ಈ ವಾರಗಳನ್ನು ಋತು ನೋಡಿಯೇ ಹೊಂದಿಸಬೇಕು. ನನ್ನ ಗುರಿ ಜನವರಿಯ ಮುಂಬೈ ಮ್ಯಾರಥಾನ್. ಅಲ್ಲಿಂದ ಹಿಂದಕ್ಕೆ ಹದಿನಾರು ವಾರ ಎಣಿಸಿದರೆ ಸೆಪ್ಟೆಂಬರ್ ಕೊನೆಗೆ ಬರುತ್ತೇನೆ, ಮಳೆ ಇಳಿಯುವ ಹೊತ್ತು. ಜೂನ್, ಜುಲೈ ತಿಂಗಳಲ್ಲಿ ತೋಟದ ದಾರಿಯಲ್ಲಿ ಇಂಬಳ, ಜಾರುವ ಕೆಸರು. ಆಗ ವಾರಕ್ಕೆ ಮೂರು ದಿನ ಡಾಂಬರು ರಸ್ತೆಯ ಚಿಕ್ಕ ಓಟ, ಮನೆಯೊಳಗೆ ಕಾಲು ಸೊಂಟಗಳ ವ್ಯಾಯಾಮ. ಅಕ್ಟೋಬರಿನಿಂದ ವಾರಕ್ಕೆ ನಾಲ್ಕು ದಿನ ಓಟ. ಭಾನುವಾರದ ಉದ್ದ ಓಟ 12 ಕಿ.ಮೀ.ಯಿಂದ ಮೆಲ್ಲಗೆ 32ಕ್ಕೆ ಏರುತ್ತದೆ. ನಾಲ್ಕನೆಯ ವಾರ ಬಂದಾಗಲೆಲ್ಲ ದೂರ ತಗ್ಗಿಸುತ್ತೇನೆ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಕಿರಿದಾದ ರಸ್ತೆಗಳಲ್ಲಿ ಜೀಪು, ಪಿಕಪ್‌ಗಳ ಓಡಾಟ ಹೆಚ್ಚು. ಆದ್ದರಿಂದ ಬೆಳಗಿನ ಓಟವನ್ನು ಮುಂಚೆಯೇ ಮುಗಿಸುತ್ತೇನೆ. ಏರುದಾರಿಯಲ್ಲಿ ಕಿಲೋಮೀಟರಿಗೆ ಇಷ್ಟು ನಿಮಿಷವೆಂದು ಹಟ ಹಿಡಿಯದೆ, ಇಷ್ಟು ಹೊತ್ತು ಓಡಬೇಕೆಂದು ಇಟ್ಟುಕೊಂಡರೆ ಕಾಲು ಉಳಿಯುತ್ತದೆ.

ಮಕ್ಕಳಿಗೆ ಈ ದೂರಗಳು ಬೇಡ. ಅವರಿಗಾಗಿ ದೈಹಿಕ ಶಿಕ್ಷಣ ಶಿಕ್ಷಕರೊಡನೆ ಕೂತು ಹನ್ನೆರಡು ವಾರದ ಸಣ್ಣ ಯೋಜನೆ ಮಾಡಿದೆವು. ವಾರಕ್ಕೆ ಮೂರು ದಿನ, ಮಾತಾಡುತ್ತ ಓಡಬಹುದಾದಷ್ಟು ನಿಧಾನ ವೇಗ, ಆರಂಭದಲ್ಲಿ ಹತ್ತು ನಿಮಿಷ, ಕೊನೆಗೆ ಇಪ್ಪತ್ತೈದು. ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿ ದಿನಾಂಕ, ನಿಮಿಷ, ಹೇಗನಿಸಿತು ಎಂಬ ಮೂರು ಕಲಂ. ತಿಂಗಳಿಗೊಮ್ಮೆ ಐದು ಸುತ್ತಿನ ಓಟ. ಅದರ ಸಮಯವನ್ನು ಮಗುವಿನ ಹಿಂದಿನ ಸಮಯಕ್ಕೆ ಮಾತ್ರ ಹೋಲಿಸುವುದು. ನಕ್ಷೆ ಬರೆಯಲು, ಜವ ಲೆಕ್ಕ ಹಾಕಲು ಅದೇ ದತ್ತಾಂಶ ಸಾಕು.

ಅಭ್ಯಾಸ ಬೋಧನೆಯ ಅವಧಿ ಈ ಹನ್ನೆರಡು ವಾರಗಳಿಗಿಂತ ಚಿಕ್ಕದು. ಹಾಗಾಗಿ ಆ ನೋಟ್‌ಬುಕ್ಕುಗಳ ಉಸ್ತುವಾರಿ ಈಗ ಶಾಲೆಯ ಶಿಕ್ಷಕರದು. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ಅವುಗಳನ್ನು ಕೇಳಿ ಪಡೆದು, ನಿಂತಲ್ಲಿಂದ ಮುಂದುವರಿಸಬೇಕೆಂದು ಕೋರುತ್ತೇನೆ.