ನಾದಕ್ಕೆ ರೂಪ ಕೊಟ್ಟ ಅಲೆಮಾರಿ ಎರ್ನ್ಸ್ಟ್ ಕ್ಲಾಡ್ನಿ

ಗಣಕಯಂತ್ರದ ಪರದೆಯ ಮೇಲೆ ಸ್ವರಕ್ಕೆ ತಕ್ಕಂತೆ ಬಣ್ಣದ ಅಲೆಗಳು ಏಳುವುದು, ಬೀಳುವುದು ಇಂದು ಯಾರಿಗೂ ಬೆರಗಿನ ಸಂಗತಿಯಲ್ಲ. ಬಿಡಿಭಾಗಗಳನ್ನು ತಂದು, ತಂತ್ರಾಂಶ ಬರೆದು, ತಮಗೆ ಬೇಕಾದ ವಾದ್ಯವನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಸಂಗೀತಗಾರರಿದ್ದಾರೆ. ಆ ವಾದ್ಯದ ದನಿಯನ್ನೇ ಚಿತ್ರವಾಗಿಸಿ ವೇದಿಕೆಯ ಹಿಂದಿನ ಪರದೆಯಲ್ಲಿ ತೋರಿಸುವವರೂ ಇದ್ದಾರೆ. ಸ್ವಂತ ವಾದ್ಯ ಕಟ್ಟುವುದು ಹಾಗೂ ನಾದವನ್ನು ಕಣ್ಣಿಗೆ ಕಾಣಿಸುವುದು ಎಂಬ ಈ ಎರಡೂ ಕೆಲಸಗಳನ್ನು, ವಿದ್ಯುದ್ದೀಪವೂ ಇಲ್ಲದ ಕಾಲದಲ್ಲಿ, ಒಂದು ಗಾಜಿನ ಫಲಕ, ಹಿಡಿ ಮರಳು ಮತ್ತು ಪಿಟೀಲಿನ ಕಮಾನು ಇಟ್ಟುಕೊಂಡು ಯುರೋಪಿನ ಊರೂರಿನಲ್ಲಿ ಮಾಡಿ ತೋರಿಸಿದವನು ಎರ್ನ್ಸ್ಟ್ ಫ್ಲೋರೆನ್ಸ್ ಫ್ರೀಡ್ರಿಕ್ ಕ್ಲಾಡ್ನಿ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಆತನ ಹೆಸರು ಪರಿಚಿತ. ಆದರೆ ಆತ ಬದುಕಿದ ಬಗೆ ಅಷ್ಟಾಗಿ ತಿಳಿದಿಲ್ಲ.

ಕ್ಲಾಡ್ನಿ ಹುಟ್ಟಿದ್ದು 1756ರ ನವೆಂಬರ್ 30ರಂದು, ಮಾರ್ಟಿನ್ ಲೂಥರನಿಂದಾಗಿ ಪ್ರಸಿದ್ಧವಾದ ವಿಟೆನ್‌ಬರ್ಗ್ ಪಟ್ಟಣದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪ್ರಾಧ್ಯಾಪಕ; ಮನೆತನದ ಬೇರು ಹಂಗೆರಿ ರಾಜ್ಯದ ಗಣಿ ಪಟ್ಟಣವೊಂದರಲ್ಲಿತ್ತು. ತಾಯಿ ಬೇಗನೆ ತೀರಿಕೊಂಡಳು. ಒಬ್ಬನೇ ಮಗ. ತಂದೆಯ ಶಿಸ್ತು ಎಷ್ಟು ಕಠಿಣವಾಗಿತ್ತೆಂದರೆ ಹುಡುಗ ಮನೆಯಿಂದ ಹೊರಗೆ ಕಾಲಿಡುವುದಕ್ಕೂ ಅಪ್ಪಣೆ ಬೇಕಾಗಿತ್ತು. ಅವನಿಗೆ ಒಲಿದ ಜಗತ್ತೆಂದರೆ ಭೂಪಟಗಳು ಮತ್ತು ದೂರದೇಶದ ಪ್ರವಾಸದ ಪುಸ್ತಕಗಳು. ಮುಂದೆ ನಾಲ್ಕು ದಶಕ ಬಂಡಿಯಲ್ಲೇ ಸಂಸಾರ ಹೂಡಿದವನ ಬಾಲ್ಯ ನಾಲ್ಕು ಗೋಡೆಗಳ ನಡುವೆ ಕಳೆಯಿತು. ಸಂಗೀತ ಕಲಿಯಲು ಅನುಮತಿ ದೊರೆತದ್ದು 19ನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಬೆರಳು ಬಲಿತುಹೋಗಿರುತ್ತದೆ, ಒಳ್ಳೆಯ ವಾದಕನಾಗುವ ಕಾಲ ಮೀರಿರುತ್ತದೆ. ವೈದ್ಯಕೀಯ ಓದಬೇಕೆಂಬ ಆಸೆಗೂ ತಂದೆ ಒಪ್ಪಲಿಲ್ಲ. ವಿಟೆನ್‌ಬರ್ಗ್ ಮತ್ತು ಲೈಪ್‌ಜಿಗ್‌ಗಳಲ್ಲಿ ಕಾನೂನು ಓದಿ 1782ರಲ್ಲಿ ಪದವಿ ಪಡೆದ.

ಅದೇ ವರ್ಷ ತಂದೆ ತೀರಿಕೊಂಡರು. ಮಗ ಕಾನೂನಿನ ಪುಸ್ತಕಗಳನ್ನು ಮುಚ್ಚಿದ. ಸ್ವಾತಂತ್ರ್ಯವೇನೋ ಸಿಕ್ಕಿತು; ಅದರ ಜೊತೆಗೆ ಮಲತಾಯಿಯ ಜವಾಬ್ದಾರಿ ಬಂತು, ಆಸ್ತಿ ಬರಲಿಲ್ಲ. ವಿಟೆನ್‌ಬರ್ಗಿನಲ್ಲಿ ಗಣಿತ, ಭೂಗೋಳದ ಉಪನ್ಯಾಸಗಳನ್ನು ಮಾಡಿದನಾದರೂ ಸಂಬಳದ ಪೀಠ ದೊರೆಯಲಿಲ್ಲ. ಕೊನೆಯವರೆಗೂ ಯಾವ ವಿಶ್ವವಿದ್ಯಾಲಯದಲ್ಲಿಯೂ ಆತನಿಗೆ ಕಾಯಂ ಹುದ್ದೆ ಇರಲಿಲ್ಲ ಎಂಬುದು ಗಮನಾರ್ಹ. ನಾದದ ಶಾಸ್ತ್ರವನ್ನು ಆತ ಆರಿಸಿಕೊಂಡದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಭೌತವಿಜ್ಞಾನದ ಉಳಿದ ಕ್ಷೇತ್ರಗಳಲ್ಲಿ ಘಟಾನುಘಟಿಗಳಿದ್ದರು. ತಂತಿ ಮತ್ತು ಕೊಳವೆಯನ್ನು ಬಿಟ್ಟರೆ ಗಂಟೆ, ಫಲಕ, ಬಟ್ಟಲು ಮುಂತಾದ ಘನವಸ್ತುಗಳು ಹೇಗೆ ದನಿಗೈಯುತ್ತವೆ ಎಂಬುದನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ.

ಗಟ್ಟಿಂಗೆನ್ನಿನ ಪ್ರಾಧ್ಯಾಪಕ ಲಿಖ್ಟೆನ್‌ಬರ್ಗ್ 1777ರಲ್ಲಿ ರಾಳದ ಬಿಲ್ಲೆಗೆ ವಿದ್ಯುತ್ ಹಾಯಿಸಿ, ಅದರ ಮೇಲೆ ಪುಡಿ ಉದುರಿಸಿದಾಗ ನಕ್ಷತ್ರದಾಕಾರದ ಚಿತ್ತಾರಗಳು ಮೂಡುವುದನ್ನು ಕಂಡಿದ್ದ. ವಿದ್ಯುತ್ತಿಗೆ ರೂಪವಿದ್ದರೆ ನಾದಕ್ಕೂ ಇರಬಾರದೇಕೆ ಎಂಬುದು ಕ್ಲಾಡ್ನಿಯ ತರ್ಕ. ಇಟಲಿಯಲ್ಲಿ ಯಾರೋ ಗಾಜಿನ ಬಟ್ಟಲುಗಳನ್ನು ಪಿಟೀಲಿನ ಕಮಾನಿನಿಂದ ನುಡಿಸುತ್ತಾರೆಂಬ ಸುದ್ದಿಯೂ ಆತನ ಕಿವಿಗೆ ಬಿದ್ದಿತ್ತು. ಎರಡನ್ನೂ ಬೆಸೆದ. ಗಾಜಿನ ಅಥವಾ ಹಿತ್ತಾಳೆಯ ತೆಳು ಫಲಕವನ್ನು ನಡುವೆ ಬಿಗಿಯಾಗಿ ಹಿಡಿದು, ಮೇಲೆ ಒಣ ಮರಳನ್ನು ಉದುರಿಸಿ, ಅಂಚಿಗೆ ಕಮಾನು ಎಳೆದ. ಫಲಕ ಹಾಡಿತು, ಮರಳು ಕುಣಿಯಿತು. ಕ್ಷಣಾರ್ಧದಲ್ಲಿ ಕಣಗಳೆಲ್ಲ ಸರಿದು ಗೆರೆಗಳಾಗಿ ನಿಂತವು.

ಇದರ ಹಿಂದಿನ ಕಾರ್ಯವಿಧಾನ ಸರಳ. ಕಂಪಿಸುವ ಫಲಕದ ಎಲ್ಲ ಭಾಗಗಳೂ ಒಂದೇ ತೆರನಾಗಿ ಅಲುಗಾಡುವುದಿಲ್ಲ. ಒಂದು ಭಾಗ ಮೇಲೇರಿದಾಗ ಪಕ್ಕದ ಭಾಗ ಕೆಳಗಿಳಿಯುತ್ತದೆ. ಇವೆರಡರ ಗಡಿಯಲ್ಲಿ ಅಲುಗಾಡದ ಗೆರೆಯೊಂದು ಉಳಿಯುತ್ತದೆ. ಕುಣಿವ ಜಾಗದಿಂದ ಎಸೆಯಲ್ಪಟ್ಟ ಮರಳು ಈ ನಿಶ್ಚಲ ಗೆರೆಗಳಲ್ಲಿ ಆಶ್ರಯ ಪಡೆಯುತ್ತದೆ. ಅಂದರೆ ಮರಳಿನ ಗೆರೆ ತೋರಿಸುವುದು ದನಿ ಇರುವ ಜಾಗವನ್ನಲ್ಲ, ಇಲ್ಲದ ಜಾಗವನ್ನು. ಬೆರಳಿನಿಂದ ಅಂಚಿನ ಬೇರೊಂದು ಬಿಂದುವನ್ನು ಮುಟ್ಟಿ ಹಿಡಿದರೆ ಆ ಬಿಂದು ನಿಶ್ಚಲವಾಗುತ್ತದೆ, ಸ್ವರ ಬದಲಾಗುತ್ತದೆ, ಹಳೆಯ ಚಿತ್ರ ಅಳಿದು ಹೊಸದು ಮೂಡುತ್ತದೆ. ಸ್ವರ ಏರಿದಷ್ಟೂ ಚಿತ್ರ ಜಟಿಲವಾಗುತ್ತದೆ: ಮೊದಲು ಬರಿಯ ಶಿಲುಬೆ, ಆಮೇಲೆ ನಕ್ಷತ್ರ, ಅನಂತರ ಚುಕ್ಕಿ ಎಣಿಸಿ ಇಟ್ಟ ರಂಗೋಲಿಯಂಥ ಬಳ್ಳಿಬಳ್ಳಿಯ ವಿನ್ಯಾಸ. ವ್ಯತ್ಯಾಸವಿಷ್ಟೇ, ಇಲ್ಲಿ ಪುಡಿ ಉದುರಿಸುವ ಕೈ ಗೆರೆ ಎಳೆಯುವುದಿಲ್ಲ.

1787ರಲ್ಲಿ ಲೈಪ್‌ಜಿಗ್‌ನಿಂದ ಹೊರಬಂದ ಆತನ ಪುಸ್ತಕ 80 ಪುಟಗಳನ್ನೂ ಮುಟ್ಟದ ಕಿರುಹೊತ್ತಗೆ. ಜೊತೆಗೆ 11 ಚಿತ್ರಪುಟಗಳು. ಧ್ವನಿಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಸಣ್ಣ ಪುಸ್ತಕ ಇಷ್ಟು ದೊಡ್ಡ ಕೆಲಸ ಮಾಡಿದ ಉದಾಹರಣೆಗಳು ವಿರಳ. ನ್ಯಾಯವಾಗಿ ಹೇಳುವುದಾದರೆ ಇಂಗ್ಲೆಂಡಿನ ರಾಬರ್ಟ್ ಹುಕ್ 1680ರಲ್ಲಿಯೇ ಹಿಟ್ಟು ಹರಡಿದ ಗಾಜಿನ ಮೇಲೆ ಇಂಥ ಆಕೃತಿಗಳನ್ನು ನೋಡಿದ್ದ. ಆದರೆ ಯಾವ ಸ್ವರಕ್ಕೆ ಯಾವ ಚಿತ್ರ ಎಂದು ನೂರಾರು ಬಾರಿ ಪರೀಕ್ಷಿಸಿ, ವಿಂಗಡಿಸಿ, ನಿಯಮಕ್ಕಾಗಿ ತಡಕಾಡಿದವನು ಕ್ಲಾಡ್ನಿಯೇ. ಆಕೃತಿಗಳಿಗೆ ಆತನ ಹೆಸರು ಸಂದಿರುವುದರಲ್ಲಿ ಅನ್ಯಾಯವೇನಿಲ್ಲ.

ಪುಸ್ತಕ ಹೆಸರು ತಂದಿತು, ಅನ್ನ ತರಲಿಲ್ಲ. ಹೊಟ್ಟೆಪಾಡಿಗೆ ಒಂದೇ ದಾರಿ ಉಳಿದಿತ್ತು: ಊರೂರು ಸುತ್ತಿ, ಹಣ ಕೊಟ್ಟು ಬಂದವರ ಮುಂದೆ ಪ್ರಯೋಗ ತೋರಿಸುವುದು. ಆದರೆ ಮರಳಿನ ಆಟವೊಂದನ್ನೇ ಎಷ್ಟು ಹೊತ್ತು ತೋರಿಸಲಾದೀತು? ಜನ ಸಂಗೀತವನ್ನೂ ಬಯಸುತ್ತಾರೆ. ಬೇರೆಯವರ ವಾದ್ಯ ನುಡಿಸಿದರೆ ಹತ್ತರಲ್ಲಿ ಹನ್ನೊಂದನೆಯವನಾಗುವ ಭಯ. ಹೀಗಾಗಿ ಜಗತ್ತಿನಲ್ಲಿ ಬೇರಾರ ಬಳಿಯೂ ಇಲ್ಲದ ವಾದ್ಯವೊಂದನ್ನು ತಾನೇ ಕಟ್ಟಲು ನಿಶ್ಚಯಿಸಿದ. ಬೆಂಜಮಿನ್ ಫ್ರಾಂಕ್ಲಿನ್ನನ ಗಾಜಿನ ಹಾರ್ಮೋನಿಕಾ ಆಗ ಯುರೋಪಿನಲ್ಲಿ ಜನಪ್ರಿಯವಾಗಿತ್ತು. ಒದ್ದೆ ಬೆರಳಿನಿಂದ ತಿರುಗುವ ಗಾಜಿನ ಬಟ್ಟಲುಗಳ ಅಂಚನ್ನು ಸವರಿದರೆ ಹೊರಡುವ ನಾದ ಅದು. ಕ್ಲಾಡ್ನಿ ಬಟ್ಟಲುಗಳನ್ನು ಬಿಟ್ಟು ಸಪೂರವಾದ ಗಾಜಿನ ಕಡ್ಡಿಗಳನ್ನು ಆರಿಸಿಕೊಂಡ. ಒದ್ದೆ ಬೆರಳಿನಿಂದ ಕಡ್ಡಿಯನ್ನು ಉದ್ದಕ್ಕೆ ನೀವಿದರೆ ಅದರ ಕಂಪನ ಹಿಂದಿರುವ ಲೋಹದ ಸರಳಿಗೆ ದಾಟಿ ಸ್ವರವಾಗುತ್ತಿತ್ತು. 1790ರಲ್ಲಿ ಸಿದ್ಧವಾದ ಈ ವಾದ್ಯಕ್ಕೆ ಒಳ್ಳೆಯ ನಾದ ಎಂಬರ್ಥದ ಗ್ರೀಕ್ ಪದದಿಂದ ಯೂಫೋನ್ ಎಂದು ಹೆಸರಿಟ್ಟ. ಅಲ್ಲಿಗೂ ತೃಪ್ತಿಯಿಲ್ಲ. ಸುಮಾರು ಹತ್ತು ವರ್ಷಗಳ ನಂತರ ಕ್ಲಾವಿಸಿಲಿಂಡರ್ ಎಂಬ ಇನ್ನೊಂದು ವಾದ್ಯ ರೂಪುಗೊಂಡಿತು. ಇದಕ್ಕೆ ಪಿಯಾನೋದಂತೆ ಮನೆಗಳು. ಒಳಗೆ ಕಾಲಿನಿಂದ ತುಳಿದು ತಿರುಗಿಸುವ ಒದ್ದೆ ಗಾಜಿನ ಉರುಳೆ. ಮನೆ ಒತ್ತಿದಾಗ ಒಳಗಿನ ಕಂಪನಕಾಯ ಉರುಳೆಗೆ ತಾಗಿ ದನಿಗೈಯುತ್ತಿತ್ತು. ಪಿಯಾನೋದ ಸ್ವರ ಹುಟ್ಟಿದೊಡನೆ ಸಾಯತೊಡಗುತ್ತದೆ. ಇದರ ಸ್ವರ ಬೆರಳು ಒತ್ತಿರುವಷ್ಟು ಹೊತ್ತೂ ನಿಲ್ಲುತ್ತಿತ್ತು, ಒತ್ತಡ ಹೆಚ್ಚಿಸಿದಂತೆ ಹಿಗ್ಗುತ್ತಿತ್ತು.

ಇವೆರಡರ ಒಳರಚನೆಯನ್ನು ಆತ ದೀರ್ಘಕಾಲ ಗುಟ್ಟಾಗಿಟ್ಟ. ಜ್ಞಾನವನ್ನು ಬಚ್ಚಿಡುವುದು ವಿಜ್ಞಾನಿಗೆ ತಕ್ಕುದೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಸಂಬಳವಿಲ್ಲದ ವಿಜ್ಞಾನಿಗೆ ಆ ಪೆಟ್ಟಿಗೆಯೇ ಬಂಡವಾಳ. ನಕಲು ಹುಟ್ಟಿದ ದಿನ ಪ್ರದರ್ಶನಕ್ಕೆ ಜನ ಬರುವುದು ನಿಲ್ಲುತ್ತಿತ್ತು. ಫಲಕದ ಪ್ರಯೋಗವನ್ನು ಮಾತ್ರ ಆತ ಮೊದಲ ದಿನದಿಂದಲೂ ಎಲ್ಲರಿಗೂ ಬಿಚ್ಚಿಟ್ಟಿದ್ದ. ವಾದ್ಯಗಳ ಪೂರ್ಣ ವಿವರವನ್ನೂ 1821ರಲ್ಲಿ, 65ರ ಹೊಸ್ತಿಲಲ್ಲಿ, ಅಚ್ಚು ಹಾಕಿಸಿದ.

ವಾದ್ಯಗಳನ್ನು ಬಂಡಿಗೆ ಏರಿಸಿಕೊಂಡು ಆತ ಜರ್ಮನ್ ನಾಡುಗಳು, ಡೆನ್ಮಾರ್ಕ್, ರಷ್ಯಾ, ಹಾಲೆಂಡ್, ಫ್ರಾನ್ಸ್, ಇಟಲಿ ಎಂದು ಸುತ್ತಿದ. ಅಂದಿನ ರಸ್ತೆಗಳಲ್ಲಿ ಗಾಜಿನ ಕಡ್ಡಿಗಳನ್ನು ಒಡೆಯದಂತೆ ಸಾಗಿಸುವುದೇ ಒಂದು ವಿದ್ಯೆ. ದಾರಿಯಲ್ಲಿ ಸಿಕ್ಕ ಗ್ರಂಥಾಲಯಗಳನ್ನೆಲ್ಲ ಜಾಲಾಡುವುದು ಆತನ ಅಭ್ಯಾಸ. 1793ರ ಆರಂಭದಲ್ಲಿ ಗಟ್ಟಿಂಗೆನ್ನಿನಲ್ಲಿ ಲಿಖ್ಟೆನ್‌ಬರ್ಗನನ್ನು ಭೇಟಿಯಾದಾಗ ಮಾತು ಆಕಾಶದಲ್ಲಿ ಉರಿದು ಬೀಳುವ ಬೆಂಕಿಯುಂಡೆಗಳತ್ತ ಹೊರಳಿತು. ಕಾನೂನು ಓದಿದವನಲ್ಲವೇ? ಬೇರೆ ಬೇರೆ ದೇಶ, ಕಾಲಗಳ ಸಾಕ್ಷಿಗಳು ಒಂದೇ ಸಂಗತಿ ಹೇಳಿದರೆ ಅದನ್ನು ಹೇಗೆ ತೂಗಬೇಕೆಂಬುದು ಆತನಿಗೆ ಗೊತ್ತಿತ್ತು. 1794ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇವು ಭೂಮಿಯಾಚೆಯಿಂದ ಬರುವ ಕಲ್ಲು, ಕಬ್ಬಿಣದ ತುಣುಕುಗಳೆಂದು ವಾದಿಸಿದ. ವಿದ್ವಾಂಸರು ಹಾಸ್ಯ ಮಾಡಿದರು. 1795ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹೊಲವೊಂದಕ್ಕೆ ದೊಡ್ಡ ಕಲ್ಲು ಬಿತ್ತು. 1803ರಲ್ಲಿ ಫ್ರಾನ್ಸಿನ ಲೆಗ್ಲ್ ಬಳಿ ಕಲ್ಲಿನ ಮಳೆಯೇ ಸುರಿದು, ಬಿಯೋ ಎಂಬ ವಿಜ್ಞಾನಿ ಸ್ಥಳಕ್ಕೆ ಹೋಗಿ ವರದಿ ಕೊಟ್ಟ. ಹಾಸ್ಯ ನಿಂತಿತು.

1802ರಲ್ಲಿ ಧ್ವನಿಶಾಸ್ತ್ರದ ಮಹಾಗ್ರಂಥ ಬಂತು. ಘನವಸ್ತುಗಳಲ್ಲಿ ಶಬ್ದದ ವೇಗವನ್ನು ಕಂಡುಹಿಡಿದ ಜಾಣ್ಮೆಯ ಉಪಾಯ ಅದರಲ್ಲಿದೆ. ಉದ್ದನೆಯ ಸರಳನ್ನು ಉದ್ದಕ್ಕೆ ತಿಕ್ಕಿ ದನಿ ಹೊರಡಿಸಿ, ಅಷ್ಟೇ ಉದ್ದದ ಕೊಳವೆಯಲ್ಲಿನ ಗಾಳಿಯ ಸ್ವರದೊಂದಿಗೆ ಹೋಲಿಸಿದರೆ ಸಾಕು, ವೇಗದ ಪ್ರಮಾಣ ದೊರೆಯುತ್ತದೆ. ಕಬ್ಬಿಣ, ಗಾಜುಗಳಲ್ಲಿ ಗಾಳಿಯ ಸುಮಾರು 17 ಪಟ್ಟು ಎಂದು ಆತನ ಲೆಕ್ಕ. ಇಂದಿನ ಅಳತೆ 15ರ ಆಸುಪಾಸಿನಲ್ಲಿದೆ. ಗಡಿಯಾರವಿಲ್ಲದೆ, ಬರಿಯ ಕಿವಿಯಿಂದ ಅಳೆದದ್ದಕ್ಕೆ ಇದು ಸಾಮಾನ್ಯ ಸಾಧನೆಯಲ್ಲ. ಮರುವರ್ಷ ವೈಮರ್‌ನಲ್ಲಿ ಕವಿ ಗಯಟೆಯ ಭೇಟಿಯಾಯಿತು; ಆ ಪರಿಚಯ ಮುಂದೆಯೂ ಉಳಿಯಿತು.

1809ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಅರಮನೆಯಲ್ಲಿ ಚಕ್ರವರ್ತಿ ನೆಪೋಲಿಯನ್ನನ ಮುಂದೆ ಪ್ರದರ್ಶನ ನಡೆಯಿತು. ಲಾಪ್ಲಾಸ್‌ನಂಥ ಗಣಿತಜ್ಞರ ಬೆಂಬಲದಿಂದ ಒದಗಿದ ಅವಕಾಶವದು. ಕ್ಲಾವಿಸಿಲಿಂಡರ್ ನುಡಿಸಿ, ಮರಳಿನ ಚಿತ್ರ ತೋರಿಸಿದ ಕ್ಲಾಡ್ನಿಗೆ, ಗ್ರಂಥವನ್ನು ಫ್ರೆಂಚಿಗೆ ತರಲೆಂದು ಚಕ್ರವರ್ತಿ 6000 ಫ್ರಾಂಕ್ ಕೊಡಿಸಿದ. ಪರಭಾಷೆಯಲ್ಲಿ ಪಾರಿಭಾಷಿಕ ಪದಗಳಿಗಾಗಿ ಹೆಣಗಾಡಿ ಆತ ತಾನೇ ಆ ಕೆಲಸ ಮುಗಿಸಿದ. ಈ ಆಕೃತಿಗಳಿಗೆ ಗಣಿತದ ವಿವರಣೆ ಕೊಟ್ಟವರಿಗೆ ಬಹುಮಾನವೆಂದೂ ಘೋಷಣೆಯಾಯಿತು. ಕಷ್ಟದ ಲೆಕ್ಕವೆಂದು ಹೆಸರಾಂತರೆಲ್ಲ ಹಿಂಜರಿದಾಗ ಮುಂದೆ ಬಂದವಳು, ಹೆಣ್ಣೆಂಬ ಕಾರಣಕ್ಕೆ ಕಾಲೇಜಿನ ಮೆಟ್ಟಿಲು ಹತ್ತಲಾಗದಿದ್ದ ಸೋಫಿ ಜೆರ್ಮೈನ್. ಎರಡು ಸಲ ಸೋತು, ಮೂರನೆಯ ಯತ್ನದಲ್ಲಿ, 1816ರಲ್ಲಿ ಆಕೆ ಬಹುಮಾನ ಪಡೆದಳು. ಆಕೆಯ ಗಣಿತದಲ್ಲಿ ಉಳಿದಿದ್ದ ಕೊರತೆಯನ್ನು 1850ರಲ್ಲಿ ಕಿರ್ಖಾಫ್ ತುಂಬಿದ. ಮರಳಿನ ಬದಲು ನುಣುಪಾದ ಪುಡಿ ಉದುರಿಸಿದರೆ ಅದು ನಿಶ್ಚಲ ಗೆರೆ ಬಿಟ್ಟು ಅಲುಗಾಡುವ ಜಾಗದಲ್ಲೇ ಗುಡ್ಡೆಗೂಡುವುದೇಕೆ ಎಂಬ ಒಗಟನ್ನು 1831ರಲ್ಲಿ ಬಿಡಿಸಿದವನು ಮೈಕೇಲ್ ಫ್ಯಾರಡೆ. ಫಲಕದ ಮೇಲೇಳುವ ಗಾಳಿಯ ಸುಳಿಗಳು ಅದಕ್ಕೆ ಕಾರಣ.

ಈ ಮರಳು ಬೆಂಗಳೂರಿಗೂ ಬಂದಿತ್ತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸರ್ ಸಿ.ವಿ. ರಾಮನ್ ಅವರು, ಕಲ್ಕತ್ತೆಯಲ್ಲಿದ್ದಾಗಲೇ ಆರಂಭಿಸಿದ್ದ ಮೃದಂಗ, ತಬಲಾಗಳ ಅಧ್ಯಯನವನ್ನು 1934ರ ಪ್ರಬಂಧದಲ್ಲಿ ವಿಸ್ತಾರವಾಗಿ ಮಂಡಿಸಿದರು. ವಾದ್ಯದ ಮುಚ್ಚಿಗೆಯ ಮೇಲೆ ಮರಳು ಉದುರಿಸಿ, ಬೆರಳು ತಾಗಿಸಿ ನುಡಿಸಿ, ಮೂಡಿದ ಆಕೃತಿಗಳ ಛಾಯಾಚಿತ್ರಗಳನ್ನು ಅದರಲ್ಲಿ ಕೊಟ್ಟರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆಯ ಭಾರವು ಆ ಕಂಪನಗಳನ್ನು ತಿದ್ದಿ, ತಂತಿವಾದ್ಯದಂತೆ ಐದು ಸ್ವರಗಳ ಸುಸಂವಾದಿ ಶ್ರೇಣಿಗೆ ತರುತ್ತದೆಂದು ತೋರಿಸಿದರು. ನಮ್ಮ ವಾದ್ಯ ಕಟ್ಟುವವರು ತಲೆಮಾರುಗಳಿಂದ ಕಿವಿಯಲ್ಲಿ ಸಾಧಿಸಿದ್ದಕ್ಕೆ ಕಣ್ಣಿನ ಸಾಕ್ಷ್ಯ ಸಿಕ್ಕಿದ್ದು ಹೀಗೆ.

ಹಣ ಕೊಟ್ಟ ನೆಪೋಲಿಯನ್ನನ ಯುದ್ಧವೇ ಕ್ಲಾಡ್ನಿಯ ಊರನ್ನು ನುಂಗಿತು. 1813ರಲ್ಲಿ ವಿಟೆನ್‌ಬರ್ಗ್ ಮುತ್ತಿಗೆಗೆ ಸಿಕ್ಕಿತು, ವಿಶ್ವವಿದ್ಯಾಲಯ ಮುಚ್ಚಿತು. ಆತ ಸಮೀಪದ ಕೆಂಬರ್ಗ್ ಎಂಬ ಸಣ್ಣ ಊರಿಗೆ ನೆಲೆ ಬದಲಿಸಿದ. ನೆಲೆಯೆಂದರೆ ಎರಡು ಪ್ರವಾಸಗಳ ನಡುವೆ ಪೆಟ್ಟಿಗೆ ಇಳಿಸುವ ಜಾಗ. ಮದುವೆಯಾಗಲಿಲ್ಲ. ವಯಸ್ಸು 70 ದಾಟಿದರೂ ತಿರುಗಾಟ ನಿಲ್ಲಲಿಲ್ಲ. 1827ರ ಏಪ್ರಿಲ್ 3ರಂದು, ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದಲ್ಲಿ, ಉಪನ್ಯಾಸಕ್ಕೆಂದು ಬಂದಿದ್ದಾಗಲೇ ಪಾರ್ಶ್ವವಾಯುವಿನಿಂದ ತೀರಿಕೊಂಡ. ಪ್ರವಾಸಗಳಲ್ಲಿ ಒಂದೊಂದಾಗಿ ಕೂಡಿಸಿದ್ದ ಉಲ್ಕಾಶಿಲೆಗಳನ್ನು ಉಯಿಲಿನ ಮೂಲಕ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋಗಿದ್ದ. ಹುದ್ದೆ ಕೊಡದ ವಿಶ್ವವಿದ್ಯಾಲಯಗಳ ಲೋಕಕ್ಕೆ ಆತ ಕೊಟ್ಟ ಕೊನೆಯ ಕಾಣಿಕೆಯದು.