ಜೋಜಿಲಾ ಏರಿದ ಸೇನಾನಿ ತಿಮ್ಮಯ್ಯನವರು

ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಹೆಸರು ನಾಡಿಗೆಲ್ಲ ಪರಿಚಿತವೇ. ಆದರೆ ಅವರ ಚರಿತ್ರೆಯನ್ನು ಓದುವ ಪ್ರಸಂಗ ನನಗೊದಗಿದ್ದು ಪಠ್ಯಪುಸ್ತಕದಿಂದಲ್ಲ, ನಮ್ಮ ತಂದೆಯವರ ಟ್ರಂಕಿನಿಂದ.

ನಮ್ಮದು ಕೃಷ್ಣಾತೀರದ ಯಡೂರು. ತಂದೆಯವರು ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿ ಸೇವೆ ಮಾಡಿ ಬಂದವರೆಂಬುದಷ್ಟೇ ನಮಗೆ ತಿಳಿದಿತ್ತು. ಊರ ಮಂದಿ ಅವರನ್ನು ಮಿಲ್ಟ್ರಿಯವರೆಂದು ಕರೆಯುತ್ತಾರೆ. ಅವರೋ ಕಬ್ಬಿನ ಹೊಲ, ವೀರಭದ್ರ ದೇವರ ಗುಡಿ, ಮನೆ ಇವಿಷ್ಟನ್ನು ಬಿಟ್ಟು ಮಾತಾಡಿದವರಲ್ಲ. ಮಾಜಿ ಸೈನಿಕರ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನದ ಅರ್ಜಿಗಾಗಿ ಅವರ ಕಾಗದಗಳನ್ನು ತೆಗೆದಾಗ ಲೇಹ್, ದ್ರಾಸ್ ಎಂಬ ಹೆಸರುಗಳೂ, ಎತ್ತರದ ಹಿಮಪ್ರದೇಶದ ಸೇವೆಗಾಗಿ ಕೊಟ್ಟ ಪದಕವೂ ಕಂಡವು. ಕೇಳಿದರೆ, ಜೋಜಿಲಾ ದಾಟಿ ಹೋಗಬೇಕು, ಬಹಳ ಚಳಿ ಎಂದಷ್ಟೇ ಹೇಳಿ ಎದ್ದುಹೋದರು. ಉಳಿದುದನ್ನು ಗ್ರಂಥಾಲಯದಲ್ಲಿ ಹುಡುಕಲು ಹೋದೆ. ಅಲ್ಲಿ ಸಿಕ್ಕವರು ತಿಮ್ಮಯ್ಯನವರು.

1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದ ಅವರು ಡೆಹರಾಡೂನಿನಲ್ಲಿಯೂ ಬಳಿಕ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿಯೂ ಸೈನಿಕ ಶಿಕ್ಷಣ ಪಡೆದು 1926ರಲ್ಲಿ ಅಧಿಕಾರಿಯಾದರು. ಪರರ ಸೇನೆಯಲ್ಲಿರುವುದು ಸರಿಯೇ ಎಂಬ ಅಳುಕು ಅವರನ್ನು ಕಾಡಿತ್ತು. ಸ್ವತಂತ್ರ ಭಾರತಕ್ಕೂ ಸೇನೆ ಬೇಕಾಗುವುದೆಂದು ಮೋತಿಲಾಲ ನೆಹರೂ ಅವರೇ ತಿಳಿಹೇಳಿದರಂತೆ. ಎರಡನೆಯ ಮಹಾಯುದ್ಧದಲ್ಲಿ ಇವರು ಬ್ರಹ್ಮದೇಶದ ರಣರಂಗದಲ್ಲಿ ಜಪಾನೀಯರೊಡನೆ ಹೋರಾಡುತ್ತಿದ್ದರೆ ಅಣ್ಣ ಪೊನ್ನಪ್ಪನವರು ಆಜಾದ್ ಹಿಂದ್ ಸೇನೆಯನ್ನು ಸೇರಿದ್ದರು. ಒಂದೇ ಮನೆಯ ಇಬ್ಬರು, ಎರಡು ದಂಡು! ಆ ತಾಯಿಯ ಮನಸ್ಸನ್ನು ನೆನೆದು ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ. 1945ರ ಕಾಂಗಾ ಕಾಳಗದಲ್ಲಿ ತಿಮ್ಮಯ್ಯ, ಎಲ್. ಪಿ. ಸೇನ್ ಹಾಗೂ ನಮ್ಮ ನೆರೆಯ ಕೊಲ್ಲಾಪುರ ಸೀಮೆಯ ಎಸ್. ಪಿ. ಪಿ. ತೋರಾಟ ಈ ಮೂವರು ಭಾರತೀಯರು ಒಂದೇ ಬ್ರಿಗೇಡಿನ ಮೂರು ಪಲ್ಟಣಗಳನ್ನು ನಡೆಸಿದರು. ಆ ಯುದ್ಧದಲ್ಲಿ ರಣರಂಗದ ಪದಾತಿ ಬ್ರಿಗೇಡೊಂದರ ಅಧಿಪತ್ಯ ಪಡೆದ ಭಾರತೀಯರು ತಿಮ್ಮಯ್ಯನವರೊಬ್ಬರೇ.

ಇನ್ನು ಜೋಜಿಲಾ. 1948ರಲ್ಲಿ ಲಡಾಖಿನ ದಾರಿ ವೈರಿಗಳ ಕೈಸೇರಿ ಲೇಹ್ ಒಂಟಿಯಾಯಿತು. ಮೇ ತಿಂಗಳಲ್ಲಿ ಮೆಹರ್ ಸಿಂಗರು ನಡೆಸಿದ ವಿಮಾನದಲ್ಲಿ ತಿಮ್ಮಯ್ಯನವರು ಅಲ್ಲಿಯ ಮರಳಿನ ಬಯಲಿಗೆ ಹೋಗಿಳಿದು ಬಂದಿದ್ದರು. ಆದರೆ ನೆಲದ ದಾರಿ ತೆರೆಯಲೇಬೇಕು. ಕಣಿವೆಯ ಎತ್ತರ ಸುಮಾರು 11,500 ಅಡಿ. ಎರಡೂ ಬದಿಯ ಬಂಡೆಗಳಲ್ಲಿ ವೈರಿಯ ಬಂದೂಕುಗಳು. ಸೆಪ್ಟೆಂಬರಿನ ದಾಳಿಗಳು ವಿಫಲವಾದವು. ಅಂಥ ಎತ್ತರಕ್ಕೆ ಟ್ಯಾಂಕು ಏರಿಸುವ ಯೋಚನೆ ಆಗ ಹುಚ್ಚೆನ್ನಿಸಿರಬೇಕು. 7ನೆಯ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳ ಮೇಲ್ಗೋಪುರ ಬಿಚ್ಚಿ, ಗುರುತು ಸಿಗದಂತೆ ಮುಚ್ಚಿ, ಗುಟ್ಟಾಗಿ ಬಾಲ್ತಾಲಿಗೆ ತಂದರು. ಹೇಸರಗತ್ತೆಯ ಜಾಡನ್ನು ಮದ್ರಾಸ್ ಸ್ಯಾಪರ್ಸ್ ದಳದವರು ಅಗೆದು ಅಗಲಿಸಿದರು. ನವೆಂಬರ್ 1ರಂದು ಟ್ಯಾಂಕುಗಳು ಹಿಮದ ನಡುವೆ ಕಣಿವೆಯನ್ನು ಹೊಕ್ಕವು; ದಳಪತಿ ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಆ ತಿಂಗಳಲ್ಲೇ ದ್ರಾಸ್, ಕಾರ್ಗಿಲ್ ಕೈಗೆ ಬಂದು ಲೇಹ್ ಉಳಿಯಿತು. ನಮ್ಮ ತಂದೆಯವರು ದಾಟಿದ್ದು ಆ ದಾರಿಯನ್ನೇ.

1953ರಲ್ಲಿ ಕೊರಿಯಾದಲ್ಲಿ ಸ್ವದೇಶಕ್ಕೆ ಮರಳಲೊಲ್ಲದ 22 ಸಾವಿರಕ್ಕೂ ಮಿಕ್ಕ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಕಾವಲು ಪಡೆಯ ನಾಯಕರು ಅದೇ ತೋರಾಟರು. ಗುಂಡು ಹಾರಿಸುವುದಕ್ಕಿಂತ ಹಾರಿಸದಿರುವುದೇ ಅಲ್ಲಿ ಕಠಿಣವಾಗಿತ್ತು.

1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದ ಅವರು ರಕ್ಷಣಾಮಂತ್ರಿ ಕೃಷ್ಣ ಮೆನನ್‌ರೊಡನೆ ಹೊಂದದೆ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆಯಬಾರದಿತ್ತೆನ್ನುವವರುಂಟು. ಚುನಾಯಿತ ಸರಕಾರದ ಮಾತಿಗೆ ದಂಡನಾಯಕ ಬಾಗುವುದು ಲೇಸೆಂದೇ ನನ್ನ ಮತ. ನಮ್ಮ ಸುತ್ತಲಿನ ದೇಶಗಳನ್ನು ನೋಡಿದರೆ ಇದು ತಿಳಿದೀತು. 1961ರ ಮೇ 7ರಂದು ಅವರು ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧ.

ಮೂರು ವರ್ಷದ ವಿಶ್ರಾಂತಿಯ ಬಳಿಕ, 1964ರಲ್ಲಿ, ಸೈಪ್ರಸ್ ದ್ವೀಪದ ವಿಶ್ವಸಂಸ್ಥೆಯ ಶಾಂತಿಪಡೆ ಅವರನ್ನು ಕರೆಯಿತು. ಅಲ್ಲಿಯೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ದೇಹವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಿದರು. ಅವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.