ರಾಜೌರಿಗೆ ದಾರಿ ಬಿಡಿಸಿದ ಚೆಂಡಿಯಾದ ರಾಣೆ

(ಬಿಡಿ ಸುದ್ದಿಗಾರರಿಂದ)

ಸೊಲ್ಲಾಪುರ: ಗಡಿ ಹಳ್ಳಿಗಳಿಂದ ಮಿಲಿಟ್ರಿ ಭರ್ತಿಗೆ ಹೋಗುವ ಹುಡುಗರಿಗೆ ಪುಣೆಯ ಖಡ್ಕಿ ಹೊಸ ಹೆಸರೇನಲ್ಲ. ಅಲ್ಲಿನ ಬಾಂಬೆ ಸ್ಯಾಪರ್ಸ್ ಪಡೆಗೆ ಪರಮವೀರ ಚಕ್ರದ ಗೌರವ ತಂದವರು ಕಾರವಾರ ಕಡೆಯವರು ಅನ್ನೋದು ಮಾತ್ರ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರೇ ಮೇಜರ್ ರಾಮಾ ರಾಘೋಬಾ ರಾಣೆ.

ರಾಣೆ ಹುಟ್ಟಿದ್ದು 1918ರ ಜೂನ್ 26ರಂದು. ಮೂಲ ಊರು ಕಾರವಾರ ಹತ್ತಿರದ ಚೆಂಡಿಯಾ, ಮನೆಮಾತು ಕೊಂಕಣಿ. ಆಗ ಕಾರವಾರ, ಸೊಲ್ಲಾಪುರ ಎರಡೂ ಮುಂಬಯಿ ಪ್ರಾಂತದಲ್ಲೇ ಇದ್ದವು. ತಂದೆ ಪೊಲೀಸ್ ಕಾನ್‌ಸ್ಟೇಬಲ್. ವರ್ಗಾವಣೆ ಆದಾಗೆಲ್ಲ ಗಂಟುಮೂಟೆ ಕಟ್ಟಬೇಕು. ಹುಡುಗನ ಶಾಲೆ ಒಂದೂರಲ್ಲಿ ನಿಲ್ಲಲಿಲ್ಲ. 1930ರಲ್ಲಿ ಗಾಂಧೀಜಿ ಚಳವಳಿಯ ಗಾಳಿ ಹುಡುಗನಿಗೂ ತಾಗಿತು. ಸರ್ಕಾರಿ ಪೊಲೀಸನ ಮಗ ಚಳವಳಿಗೆ ಇಳಿದರೆ ಮನೆಯ ಅನ್ನಕ್ಕೇ ಸಂಚಕಾರ. ಗಾಬರಿಯಾದ ತಂದೆ ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದರು.

ಹತ್ತು ವರ್ಷದ ಮೇಲೆ ಅದೇ ಹುಡುಗ ಬ್ರಿಟಿಷ್ ಸೈನ್ಯ ಸೇರಿದರು. 1940ರ ಜುಲೈ 10ರಂದು ಬಾಂಬೆ ಇಂಜಿನಿಯರ್ಸ್‌ನಲ್ಲಿ ಭರ್ತಿ. ತರಬೇತಿಯಲ್ಲಿ ಉತ್ತಮ ರಿಕ್ರೂಟ್ ಎನಿಸಿಕೊಂಡು ಬರ್ಮಾ ಯುದ್ಧಕ್ಕೆ ಹೋದರು. ಹಿಂದೆ ಸರಿಯುವಾಗ ಮದ್ದುಗುಂಡಿನ ದಾಸ್ತಾನು ನಾಶಮಾಡಲು ಉಳಿದ ಅವರ ತುಕಡಿ, ಜಪಾನಿಯರ ಪಹರೆ ತಪ್ಪಿಸಿ ನದಿ ದಾಟಿ ಬಂತು. ಸಾದಾ ಸಿಪಾಯಿಯಾಗಿ ಸೇರಿದವರು ನಾಯಕ್, ಹವಾಲ್ದಾರ್ ಆಗಿ, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು.

ನಾಲ್ಕೇ ತಿಂಗಳಲ್ಲಿ ಪರೀಕ್ಷೆ ಬಂತು. 1948ರ ಏಪ್ರಿಲ್‌ನಲ್ಲಿ ನಮ್ಮ ಸೈನ್ಯ ನೌಶೇರಾದಿಂದ ರಾಜೌರಿಗೆ ಹೊರಟಿತ್ತು. ದಾರಿಯುದ್ದಕ್ಕೂ ನೆಲಬಾಂಬು, ಅಡ್ಡ ಕೆಡವಿದ ಪೈನ್ ಮರ. ರಸ್ತೆ ಬಿಡಿಸದೆ ಟ್ಯಾಂಕ್ ಮುಂದೆ ಹೋಗುವ ಹಾಗಿಲ್ಲ. ತಡವಾದಷ್ಟೂ ರಾಜೌರಿಯಲ್ಲಿ ಸಿಕ್ಕಿಕೊಂಡ ಜನರ ಜೀವಕ್ಕೆ ಅಪಾಯ. ಏಪ್ರಿಲ್ 8ರಂದು ಶತ್ರುಗಳ ಗುಂಡಿಗೆ ರಾಣೆಯವರ ಇಬ್ಬರು ಜವಾನರು ಸತ್ತರು. ಗಾಯಗೊಂಡ ಐವರಲ್ಲಿ ರಾಣೆಯವರೂ ಒಬ್ಬರು. ಆದರೂ ಕೆಲಸ ಬಿಡಲಿಲ್ಲ. ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತಾ ನೆಲಬಾಂಬು ತೆಗೆದರು. 11ರಂದು ನಸುಕಿನಿಂದ ರಾತ್ರಿವರೆಗೆ ಅನ್ನ-ನಿದ್ದೆ ಇಲ್ಲದೆ ದುಡಿದರು. 12ರಂದು ಸೈನ್ಯ ರಾಜೌರಿ ತಲುಪಿತು.

ಆ ಯುದ್ಧಕ್ಕೆ ಐವರಿಗೆ ಪರಮವೀರ ಚಕ್ರ ಬಂತು. ಮೂವರಿಗೆ ಸತ್ತ ಮೇಲೆ. ಬದುಕಿದ್ದು ಪಡೆದವರು ರಾಣೆ ಮತ್ತು ಕರಮ್ ಸಿಂಗ್ ಇಬ್ಬರೇ. ರಾಣೆಯವರಿಗೆ ಸಿಕ್ಕಿದ್ದು ಎಷ್ಟು ಜನರನ್ನು ಕೊಂದರು ಅನ್ನೋ ಲೆಕ್ಕದ ಮೇಲಲ್ಲ, ರಸ್ತೆ ಬಿಡಿಸಿದ್ದಕ್ಕೆ ಅನ್ನೋದನ್ನು ಭರ್ತಿಗೆ ಹೊರಟ ಮಕ್ಕಳಿಗೆ ಹಿರಿಯರು ಹೇಳಬೇಕು.

ಪದಕ ಬಂತೆಂದು ಅವರು ಮನೆಯಲ್ಲಿ ಕೂರಲಿಲ್ಲ. 1968ರಲ್ಲಿ ಮೇಜರ್ ಆಗಿ ನಿವೃತ್ತರಾದ ಮೇಲೂ 1971ರವರೆಗೆ ಸೈನ್ಯದಲ್ಲೇ ಮತ್ತೆ ಕೆಲಸ ಮಾಡಿದರು. 1994ರ ಜುಲೈನಲ್ಲಿ ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ 76 ವರ್ಷ.

2006ರಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆ ಅನಾವರಣವಾಯಿತು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ರಾಣೆಯವರ ಹೆಸರಿಟ್ಟಿದ್ದಾರೆ.